ತಲೆಗೆ ನೂರೈವತ್ತು ಪೌಂಡ್!

ಬ್ರಿಟನ್ನಿನ ಸಣ್ಣ ಅಂಗಡಿ, ಸಣ್ಣ ಕಾರ್ಖಾನೆಗಳ ಮಾಲೀಕರು ವರ್ಷಕ್ಕೊಮ್ಮೆ ಕೆಲಸಗಾರರಿಗೆ ಹಾಕಿಸುವ ಕ್ರಿಸ್‌ಮಸ್ ಊಟಕ್ಕೆ ಅಲ್ಲಿನ ತೆರಿಗೆ ಕಾನೂನಿನಲ್ಲೇ ಒಂದು ಜಾಗವಿದೆ. ಸಿಗುವ ರಿಯಾಯಿತಿ ದೊಡ್ಡದೇನಲ್ಲ. ಆದರೆ ಹಾಕಿದ ಗೆರೆಯನ್ನು ಒಂದೇ ಒಂದು ಪೌಂಡ್ ದಾಟಿದರೂ ಬೀಳುವ ಪೆಟ್ಟು ಸಣ್ಣದಲ್ಲ.

ಆಯುಧಪೂಜೆಯ ದಿನ ಬೆಂಗಳೂರಿನ ಪೀಣ್ಯದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಒಂದು ಸುತ್ತು ಹಾಕಿ ಬನ್ನಿ. ಲೇತ್ ಯಂತ್ರಗಳ ಮೇಲೆ ಅರಿಶಿನ ಕುಂಕುಮ, ಬಾಗಿಲಿಗೆ ಬಾಳೆಕಂದು, ಹೊಸ್ತಿಲ ಮುಂದೆ ಒಡೆದ ಬೂದುಗುಂಬಳಕಾಯಿ. ಒಳಗೆ ಕಡ್ಲೆಪುರಿ ಪೊಟ್ಟಣ, ಸಿಹಿ ಡಬ್ಬ, ಕೆಲವೆಡೆ ಎಲ್ಲರಿಗೂ ಊಟ. ವರ್ಷವಿಡೀ ಮಾಲೀಕರ ಮುಂದೆ ಕೈಕಟ್ಟಿ ನಿಲ್ಲುವ ಹುಡುಗ ಅಂದು ಅವರ ಸಾಲಿನಲ್ಲೇ ಕೂತು ಊಟ ಮಾಡುತ್ತಾನೆ. ಆ ದಿನದ ಖರ್ಚು ಲೆಕ್ಕದ ಪುಸ್ತಕದಲ್ಲಿ ‘ಪೂಜಾ ವೆಚ್ಚ’ ಎಂಬ ಒಂದು ಸಾಲಾಗಿ ಉಳಿಯುತ್ತದೆ.

ಬ್ರಿಟನ್ನಿನಲ್ಲಿ ಅಂಥ ದಿನ ಬರುವುದು ಡಿಸೆಂಬರಿನಲ್ಲಿ. ಕ್ರಿಸ್‌ಮಸ್‌ಗೆ ಎರಡು ಮೂರು ವಾರ ಇರುವಂತೆಯೇ ಕಚೇರಿ, ಅಂಗಡಿ, ಗ್ಯಾರೇಜುಗಳಲ್ಲಿ ‘ಈ ಸಲ ಪಾರ್ಟಿ ಎಲ್ಲಿ?’ ಎಂಬ ಮಾತು ಶುರುವಾಗುತ್ತದೆ. ಟರ್ಕಿ ಕೋಳಿಯ ಮಾಂಸ, ಹುರಿದ ಆಲೂಗಡ್ಡೆ, ಕ್ರಿಸ್‌ಮಸ್ ಪುಡ್ಡಿಂಗ್, ತಲೆಗೊಂದು ಬಣ್ಣದ ಕಾಗದದ ಕಿರೀಟ. ದೊಡ್ಡ ಕಂಪೆನಿಗಳಿಗೆ ಇದು ಸಾವಿರಾರು ಲೆಕ್ಕಗಳ ನಡುವೆ ಇನ್ನೊಂದು ಲೆಕ್ಕ. ಆದರೆ ಹತ್ತಿಪ್ಪತ್ತು ಜನರನ್ನು ಇಟ್ಟುಕೊಂಡು ದುಡಿಯುವ ಬೇಕರಿಯವನಿಗೋ ಕೊಳಾಯಿ ರಿಪೇರಿಯ ಗುತ್ತಿಗೆದಾರನಿಗೋ ಹಾಗಲ್ಲ. ಪಾರ್ಟಿ ಕೊಡದಿದ್ದರೆ ಕೆಲಸಗಾರರ ಮುಖ ಸಣ್ಣದಾಗುತ್ತದೆ, ಕೊಟ್ಟರೆ ಗಲ್ಲಾಪೆಟ್ಟಿಗೆ ಸಣ್ಣದಾಗುತ್ತದೆ.

ಈ ಇಕ್ಕಟ್ಟಿನಲ್ಲಿ ಸಿಕ್ಕ ಮಾಲೀಕನಿಗೆ ಅಲ್ಲಿನ ಸರ್ಕಾರ ಒಂದು ಸಣ್ಣ ಊರುಗೋಲನ್ನು ಕೊಟ್ಟಿದೆ. ಅದನ್ನು ಹಿಡಿಯುವ ರೀತಿ ತಿಳಿದಿದ್ದರೆ ಉಪಕಾರ, ತಿಳಿಯದಿದ್ದರೆ ಅದೇ ಊರುಗೋಲು ಕಾಲಿಗೆ ತೊಡರುತ್ತದೆ.

ಊಟಕ್ಕೂ ತೆರಿಗೆಯೇ?

ಯಜಮಾನ ಪ್ರೀತಿಯಿಂದ ಹಾಕಿಸಿದ ಊಟಕ್ಕೆ ತೆರಿಗೆ ಏಕೆ ಎಂದು ನೀವು ಕೇಳಬಹುದು. ತೆರಿಗೆ ಶಾಸ್ತ್ರದ ದೃಷ್ಟಿ ಬೇರೆ. ಕೆಲಸಗಾರನಿಗೆ ಕೆಲಸದ ಕಾರಣದಿಂದ ಸಿಕ್ಕಿದ್ದೆಲ್ಲವೂ ಅವನ ಸಂಪಾದನೆಯೇ. ಅದು ಹಣವಾಗಿ ಬಂದರೂ ಅಷ್ಟೇ, ಮನೆಯಾಗಿ, ಕಾರಾಗಿ, ಊಟವಾಗಿ ಬಂದರೂ ಅಷ್ಟೇ. ಇಲ್ಲದಿದ್ದರೆ ಜಾಣ ಮಾಲೀಕ ಸಂಬಳದ ಬದಲು ದಿನಸಿ, ಬಟ್ಟೆಬರೆ ಕೊಟ್ಟು ಇಬ್ಬರ ತೆರಿಗೆಯನ್ನೂ ಉಳಿಸಿಬಿಡುತ್ತಾನೆ.

ಈ ಕಟ್ಟುನಿಟ್ಟಿನ ನಿಯಮಕ್ಕೆ ಇರುವ ಕೆಲವೇ ಕಿಂಡಿಗಳಲ್ಲಿ ಒಂದು ವಾರ್ಷಿಕ ಔತಣದ ಕಿಂಡಿ. ಅಲ್ಲಿನ ಸಂಪಾದನೆ ಮತ್ತು ಪಿಂಚಣಿಯ ಮೇಲಿನ 2003ರ ಆದಾಯ ತೆರಿಗೆ ಕಾಯಿದೆಯ 264ನೇ ಸೆಕ್ಷನ್ನು ಇದನ್ನು ಹೇಳುತ್ತದೆ. ಷರತ್ತುಗಳು ಮೂರೇ ಮೂರು.

ಮೊದಲನೆಯದು, ಔತಣ ವರ್ಷಂಪ್ರತಿ ನಡೆಯುವಂಥದ್ದಾಗಿರಬೇಕು. ಕಂಪೆನಿಗೆ ಇಪ್ಪತ್ತೈದು ತುಂಬಿತೆಂದು ಒಮ್ಮೆ ಮಾತ್ರ ಮಾಡುವ ಬೆಳ್ಳಿಹಬ್ಬ ಇದರಲ್ಲಿ ಸೇರದು. ಎರಡನೆಯದು, ಅದು ಎಲ್ಲ ನೌಕರರಿಗೂ, ಅಥವಾ ಬೇರೆ ಬೇರೆ ಊರುಗಳಲ್ಲಿ ಶಾಖೆಗಳಿದ್ದರೆ ಆ ಶಾಖೆಯ ಎಲ್ಲ ನೌಕರರಿಗೂ ತೆರೆದಿರಬೇಕು. ಮ್ಯಾನೇಜರುಗಳಿಗೆ ಮಾತ್ರ ಹೋಟೆಲು, ಉಳಿದವರಿಗೆ ಚಹಾ ಎಂದರೆ ನಡೆಯದು. ಮೂರನೆಯದು, ಖರ್ಚು ತಲೆಗೆ 150 ಪೌಂಡ್ ಮೀರಬಾರದು.

ಈ ಮೂರೂ ಕೂಡಿಬಂದರೆ ನೌಕರನ ಮೇಲೆ ತೆರಿಗೆಯಿಲ್ಲ. ಮಾಲೀಕನು ಅದರ ಮೇಲೆ ರಾಷ್ಟ್ರೀಯ ವಿಮೆಯ ವಂತಿಗೆ ಕಟ್ಟಬೇಕಾಗಿಲ್ಲ, ತೆರಿಗೆ ಇಲಾಖೆಗೆ ವರದಿ ಮಾಡುವ ಕೆಲಸವೂ ಇಲ್ಲ.

ಕಾನೂನಿನಲ್ಲಿ ಹಬ್ಬದ ಹೆಸರಿಲ್ಲ ಎಂಬುದನ್ನು ಗಮನಿಸಬೇಕು. ಕಾಯಿದೆ ಹೇಳುವುದು ವಾರ್ಷಿಕ ಔತಣ ಅಥವಾ ಅಂಥದೇ ವಾರ್ಷಿಕ ಸಮಾರಂಭ ಎಂದಷ್ಟೆ. ಬೇಸಿಗೆಯ ಬಯಲೂಟವೂ ಆಗಬಹುದು. ಅಲ್ಲಿ ಹೋಟೆಲನ್ನೋ ಸಣ್ಣ ಸಾಫ್ಟ್‌ವೇರ್ ಕಂಪೆನಿಯನ್ನೋ ನಡೆಸುತ್ತಿರುವ ಕನ್ನಡಿಗರು ಪ್ರತಿ ವರ್ಷ ದೀಪಾವಳಿಯ ಊಟ ಹಾಕಿಸಿದರೂ ಇದೇ ವಿನಾಯಿತಿ ಅನ್ವಯಿಸುತ್ತದೆ. ಒಬ್ಬಟ್ಟಿಗೂ ಪುಡ್ಡಿಂಗಿಗೂ ಈ ಕಾನೂನು ಭೇದ ಮಾಡುವುದಿಲ್ಲ.

ತಲೆ ಎಣಿಸುವ ಬಗೆ

ತಲೆಗೆ 150 ಪೌಂಡ್ ಎಂದರೆ ಕೇಳಲು ಧಾರಾಳವೇ. ಆದರೆ ಯಾವ ಯಾವ ಖರ್ಚು ಇದರೊಳಗೆ ಬರುತ್ತದೆ ಎಂಬಲ್ಲಿ ಹಲವರು ಎಡವುತ್ತಾರೆ.

ಊಟ, ಪಾನೀಯ, ಸಭಾಂಗಣದ ಬಾಡಿಗೆ, ಹಾಡುಗಾರರ ಸಂಭಾವನೆ ಇವೆಲ್ಲ ಸೇರುವುದು ಸರಿಯೇ. ರಾತ್ರಿ ಎಲ್ಲರನ್ನೂ ಮನೆ ಮುಟ್ಟಿಸುವ ಟ್ಯಾಕ್ಸಿಯ ಬಾಡಿಗೆಯನ್ನು ಕಂಪೆನಿ ಕೊಟ್ಟರೆ ಅದೂ ಸೇರುತ್ತದೆ. ದೂರದವರಿಗೆ ರಾತ್ರಿ ಉಳಿಯಲು ಕೋಣೆ ಹಿಡಿದುಕೊಟ್ಟರೆ ಅದೂ ಸೇರುತ್ತದೆ. ಇವೆಲ್ಲದರ ಮೇಲಿನ ವ್ಯಾಟ್ ತೆರಿಗೆಯೂ ಒಳಗೇ. ಆ ವ್ಯಾಟ್ ಮುಂದೆ ಹಿಂದಕ್ಕೆ ಸಿಗುವಂತಿದ್ದರೂ ಈ ಲೆಕ್ಕದಲ್ಲಿ ಅದನ್ನು ಕಳೆಯುವ ಹಾಗಿಲ್ಲ. ಅಲ್ಲಿ ವ್ಯಾಟ್ ಶೇ 20. ಆದ್ದರಿಂದ ಎಲ್ಲ ಬಿಲ್ಲುಗಳ ಮೇಲೂ ವ್ಯಾಟ್ ಇದ್ದರೆ 150 ಪೌಂಡಿನಲ್ಲಿ 25 ಪೌಂಡ್ ತೆರಿಗೆಯೇ ಆಯಿತು. ಊಟ ಮತ್ತಿತರ ವ್ಯವಸ್ಥೆಗೆ ಉಳಿಯುವುದು 125.

ಹೀಗೆ ಕೂಡಿಸಿದ ಒಟ್ಟು ಖರ್ಚನ್ನು ಬಂದವರ ಸಂಖ್ಯೆಯಿಂದ ಭಾಗಿಸಬೇಕು. ಬಂದವರೆಂದರೆ ನೌಕರರು ಮಾತ್ರವಲ್ಲ. ಅವರ ಜೊತೆ ಬಂದ ಗಂಡ ಅಥವಾ ಹೆಂಡತಿಯೂ ಒಂದು ತಲೆಯೇ. ಹಾಗಾಗಿ ದಂಪತಿ ಬಂದರೆ ಇಬ್ಬರದೂ ಸೇರಿ 300 ಪೌಂಡಿನವರೆಗೆ ವಿನಾಯಿತಿ ಸಿಕ್ಕಂತಾಯಿತು.

ಆದರೆ ಎಣಿಸುವುದು ಬಂದವರನ್ನು, ಕರೆದವರನ್ನಲ್ಲ. ಸಣ್ಣ ಮಾಲೀಕನ ನಿದ್ದೆ ಕೆಡಿಸಬೇಕಾದ ಮಾತು ಇದು.

ಇಬ್ಬರಿಗೆ ಜ್ವರ ಬಂದರೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ಒಂದು ಬೇಕರಿ. ರಾತ್ರಿ ಪಾಳಿಯಲ್ಲಿ ಬ್ರೆಡ್ ಬೇಯಿಸುವವರು, ಬೆಳಿಗ್ಗೆ ಅಂಗಡಿಯಲ್ಲಿ ಮಾರುವವರು, ವ್ಯಾನ್ ಓಡಿಸುವವರು, ವಾರಕ್ಕೆರಡು ದಿನ ಬಂದು ನೆಲ ಒರೆಸುವಾಕೆ ಎಲ್ಲ ಸೇರಿ 20 ಜನ. ಅದೊಂದು ಲಿಮಿಟೆಡ್ ಕಂಪೆನಿ. ಮಾಲೀಕ ಉದಾರಿ. ಹೋಟೆಲಿನವರೊಂದಿಗೆ ಮಾತಾಡಿ, ಟ್ಯಾಕ್ಸಿಯೂ ಸೇರಿದಂತೆ ಒಟ್ಟು 2,900 ಪೌಂಡಿಗೆ ಏರ್ಪಾಡು ಮಾಡಿದ. ತಲೆಗೆ 145. ಗೆರೆಯೊಳಗೇ ಇದ್ದೇನೆ, ಐದು ಪೌಂಡ್ ಮಿಕ್ಕಿಯೂ ಇದೆ ಎಂದು ನಿಶ್ಚಿಂತೆಯಿಂದಿದ್ದ.

ಪಾರ್ಟಿಯ ದಿನ ಇಬ್ಬರಿಗೆ ಜ್ವರ. ಡಿಸೆಂಬರಿನ ಚಳಿಯಲ್ಲಿ ಇದೇನೂ ಅಪರೂಪವಲ್ಲ. ಹೋಟೆಲಿನವರು ಮುಂಗಡ ಹೇಳಿದ್ದ 20 ಎಲೆಗಳ ಹಣವನ್ನೂ ವಸೂಲು ಮಾಡಿದರು. ಈಗ 2,900ನ್ನು 18ರಿಂದ ಭಾಗಿಸಿ ನೋಡಿ. ತಲೆಗೆ 161 ಪೌಂಡ್!

ಗೆರೆ ದಾಟಿತು. ದಾಟಿದ್ದು 11 ಪೌಂಡ್ ತಾನೆ, ಅಷ್ಟಕ್ಕೆ ತೆರಿಗೆ ಕಟ್ಟಿದರಾಯಿತು ಎನ್ನುವಂತಿಲ್ಲ. ಈ 150 ಪೌಂಡ್ ಎಂಬುದು ಮೊದಲ 150ಕ್ಕೆ ಮಾಫಿ ಎಂಬ ರೀತಿಯದಲ್ಲ. ಒಂದು ಪೌಂಡ್ ದಾಟಿದರೂ ಪೂರಾ ಮೊತ್ತ ತೆರಿಗೆಗೆ ಒಳಪಡುತ್ತದೆ. ಬೆಟ್ಟದ ಅಂಚಿನಲ್ಲಿ ನಡೆದಂತೆ. ಅಂಚಿನವರೆಗೆ ಏನೂ ಆಗುವುದಿಲ್ಲ, ಒಂದು ಹೆಜ್ಜೆ ಮುಂದಿಟ್ಟರೆ ಪೂರಾ ಕೆಳಗೆ.

ಆಗ ಮಾಲೀಕನ ಮುಂದೆ ಎರಡು ದಾರಿಗಳು. ಒಂದು, ಹದಿನೆಂಟು ನೌಕರರ ಹೆಸರಿನಲ್ಲೂ ತಲಾ 161 ಪೌಂಡಿನ ಸೌಲಭ್ಯ ಸಿಕ್ಕಿತೆಂದು ಇಲಾಖೆಗೆ ಬರೆದುಕೊಡುವುದು. ಆಗ ಪ್ರತಿಯೊಬ್ಬ ನೌಕರನೂ ತಾನು ತಿಂದ ಊಟಕ್ಕೆ ತೆರಿಗೆ ಕಟ್ಟಬೇಕು. ಶೇ 20ರ ದರದಲ್ಲಿ ಇದು 32 ಪೌಂಡಿಗೂ ಹೆಚ್ಚು. ಹಬ್ಬಕ್ಕೆ ಕರೆದು ಉಣ್ಣಿಸಿ ಆಮೇಲೆ ಬಿಲ್ಲು ಕಳಿಸಿದ ಹಾಗೆ. ಯಾವ ಮಾಲೀಕನಿಗೆ ತಾನೆ ಮುಖ ತೋರಿಸಲು ಸಾಧ್ಯ?

ಎರಡನೆಯದು, ಇಲಾಖೆಯೊಂದಿಗೆ ಒಪ್ಪಂದ ಮಾಡಿಕೊಂಡು ನೌಕರರ ತೆರಿಗೆಯನ್ನು ಮಾಲೀಕನೇ ಕಟ್ಟುವುದು. ಹೆಚ್ಚಿನವರು ಹಿಡಿಯುವ ಗೌರವದ ದಾರಿ ಇದು, ಆದರೆ ದುಬಾರಿ. ನೌಕರನ ತೆರಿಗೆಯನ್ನು ಮಾಲೀಕ ಕಟ್ಟಿದರೆ ಅದೂ ನೌಕರನಿಗೆ ಸಿಕ್ಕ ಲಾಭವೇ, ಅದರ ಮೇಲೂ ತೆರಿಗೆ ಎಂಬ ನ್ಯಾಯ ಇಲ್ಲಿದೆ. ಎಲ್ಲ ನೌಕರರೂ ಶೇ 20ರ ದರದವರು ಎಂದುಕೊಂಡರೆ 2,900 ಪೌಂಡನ್ನು ತೆರಿಗೆ ಕಳೆದು ಕೈಗೆ ಬಂದ ಮೊತ್ತವೆಂದು ಭಾವಿಸಿ 3,625ಕ್ಕೆ ಏರಿಸುತ್ತಾರೆ. ವ್ಯತ್ಯಾಸದ 725 ಪೌಂಡ್ ತೆರಿಗೆ. ಅದರ ಮೇಲೆ ಮಾಲೀಕನ ರಾಷ್ಟ್ರೀಯ ವಿಮೆಯ ವಂತಿಗೆ. ಇದು 2025ರ ಏಪ್ರಿಲ್‌ನಿಂದ ಶೇ 13.8ರಿಂದ ಶೇ 15ಕ್ಕೆ ಏರಿದೆ. 3,625ಕ್ಕೆ ಶೇ 15 ಎಂದರೆ 543 ಪೌಂಡ್ 75 ಪೆನ್ಸ್. ಎರಡೂ ಸೇರಿ 1,268 ಪೌಂಡ್ 75 ಪೆನ್ಸ್.

ಇಬ್ಬರ ಜ್ವರದ ಬೆಲೆ ಇದು. ಔಷಧಿಯ ಖರ್ಚು ಬೇರೆ.

ಎರಡು ಕಿಸೆ, ಎರಡು ಲೆಕ್ಕ

ಇಲ್ಲಿಯವರೆಗೆ ಹೇಳಿದ್ದು ನೌಕರನ ಕಡೆಯ ತೆರಿಗೆ. ಮಾಲೀಕನ ಕಿಸೆಯ ಲೆಕ್ಕವೇ ಬೇರೆ. ಇವೆರಡನ್ನೂ ಕಲೆಸಿಕೊಳ್ಳುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ನೌಕರರ ಸಂತೋಷಕ್ಕೆಂದು ಮಾಡಿದ ಔತಣದ ಖರ್ಚು ವ್ಯಾಪಾರದ ಖರ್ಚೇ. ಅಂಗಡಿ ಬಾಡಿಗೆ, ಕರೆಂಟ್ ಬಿಲ್ಲುಗಳಂತೆ ಅದನ್ನೂ ಲಾಭದಿಂದ ಕಳೆಯಬಹುದು. ಇದಕ್ಕೆ 150 ಪೌಂಡಿನ ಮಿತಿಯಿಲ್ಲ. ತಲೆಗೆ 161 ಖರ್ಚಾದರೂ, ವ್ಯಾಪಾರದ ಉದ್ದೇಶಕ್ಕಾಗಿಯೇ ಮಾಡಿದ್ದಾದರೆ, ಅಷ್ಟನ್ನೂ ಕಳೆಯಬಹುದು. ಗೆರೆಯಿರುವುದು ನೌಕರನ ತಲೆಯ ಮೇಲೆ, ಮಾಲೀಕನ ಖರ್ಚಿನ ಮೇಲಲ್ಲ.

ಆದರೆ ಗಿರಾಕಿಗಳನ್ನು ಕರೆದರೆ ಕಥೆ ಬದಲಾಗುತ್ತದೆ. ‘ಹೇಗೂ ಪಾರ್ಟಿ ಇದೆ, ಹಿಟ್ಟು ಸರಬರಾಜು ಮಾಡುವವರನ್ನೂ ದೊಡ್ಡ ಗಿರಾಕಿಗಳನ್ನೂ ಕರೆಯೋಣ’ ಎಂದರೆ ಆ ಅತಿಥಿಗಳ ಪಾಲಿನ ಖರ್ಚನ್ನು ಲಾಭದಿಂದ ಕಳೆಯುವಂತಿಲ್ಲ. ಅವರ ಪಾಲಿನ ವ್ಯಾಟ್ ಕೂಡ ಹಿಂದಕ್ಕೆ ಸಿಗುವುದಿಲ್ಲ. ನೌಕರರ ಪಾಲಿನ ವ್ಯಾಟ್ ಸಿಗುತ್ತದೆ. ನಮ್ಮ ಜಿಎಸ್‌ಟಿಯಲ್ಲಿ ನೌಕರರ ಊಟೋಪಚಾರದ ಮೇಲೆ ಕಟ್ಟಿದ ತೆರಿಗೆ ಸಾಮಾನ್ಯವಾಗಿ ಹಿಂದಕ್ಕೆ ಬರುವುದಿಲ್ಲ. ಈ ವಿಷಯದಲ್ಲಿ ಅಲ್ಲಿನ ಸಣ್ಣ ವ್ಯಾಪಾರಿ ನಮ್ಮವರಿಗಿಂತ ಅದೃಷ್ಟವಂತ.

ಒಬ್ಬನೇ ದುಡಿಯುವವನ ಗತಿ ಏನು? ಕಂಪೆನಿ ಮಾಡಿಕೊಳ್ಳದೆ ಸ್ವಂತ ಹೆಸರಿನಲ್ಲಿ ವ್ಯಾಪಾರ ಮಾಡುವ ಕೊಳಾಯಿ ಕೆಲಸದವನು ತನಗೆ ತಾನೇ ನೌಕರನಲ್ಲ. ಆತ ಒಬ್ಬನೇ ಹೋಗಿ ಕ್ರಿಸ್‌ಮಸ್ ಊಟ ಮಾಡಿ ಬಂದರೆ ಅದು ಮನೆಖರ್ಚು. ಅದೇ ಕೆಲಸವನ್ನು ಲಿಮಿಟೆಡ್ ಕಂಪೆನಿಯ ಹೆಸರಿನಲ್ಲಿ ಮಾಡುವವನು ತನ್ನದೇ ಕಂಪೆನಿಯ ನಿರ್ದೇಶಕ. ಕಾನೂನಿನ ಲೆಕ್ಕದಲ್ಲಿ ಅದರ ನೌಕರನಂತೆಯೇ. ವಾರ್ಷಿಕ ಔತಣದ ವಿನಾಯಿತಿ ಅವನಿಗೆ ಸಿಗುತ್ತದೆ. ಮಾಡುವ ಕೆಲಸ ಒಂದೇ, ಹಿಡಿಯುವ ಸ್ಪ್ಯಾನರೂ ಒಂದೇ. ತೆರಿಗೆ ಮಾತ್ರ ಬೇರೆ.

ಪುಕ್ಕಟೆ ಊಟವಲ್ಲ

‘ತೆರಿಗೆಯಲ್ಲಿ ಕಳೆಯುತ್ತದೆ ಬಿಡಿ’ ಎಂಬ ಮಾತನ್ನು ವ್ಯಾಪಾರಸ್ಥರ ಬಾಯಲ್ಲಿ ಎಲ್ಲ ದೇಶಗಳಲ್ಲೂ ಕೇಳಬಹುದು. ಖರ್ಚೆಲ್ಲ ಸರ್ಕಾರದ್ದೇ ಎಂಬಂತೆ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿದರೆ ನಿಜ ತಿಳಿಯುತ್ತದೆ.

ನಮ್ಮ ಬೇಕರಿಯವನು ಮುಂದಿನ ವರ್ಷ ಬುದ್ಧಿ ಕಲಿತು ಪಾರ್ಟಿಗೆ 2,400 ಪೌಂಡ್ ಇಟ್ಟುಕೊಂಡ ಎನ್ನೋಣ. ಅವನ ಕಂಪೆನಿ ವ್ಯಾಟ್‌ಗೆ ನೋಂದಾಯಿಸಿಕೊಂಡಿದ್ದು, ಎಲ್ಲ ಬಿಲ್ಲುಗಳ ಮೇಲೂ ಶೇ 20ರ ವ್ಯಾಟ್ ಇದ್ದರೆ, 400 ಪೌಂಡ್ ಹಿಂದಕ್ಕೆ ಬರುತ್ತದೆ. ಉಳಿದ 2,000ವನ್ನು ಲಾಭದಿಂದ ಕಳೆಯುತ್ತಾನೆ. ವರ್ಷದ ಲಾಭ 50,000 ಪೌಂಡಿನೊಳಗಿರುವ ಕಂಪೆನಿಗೆ ತೆರಿಗೆ ಶೇ 19. ಅಂದರೆ 380 ಪೌಂಡ್ ಉಳಿತಾಯ. ಎಲ್ಲ ಕಳೆದು ಅವನ ಕೈಯಿಂದ ಹೋದದ್ದು 1,620 ಪೌಂಡ್.

ನೂರಕ್ಕೆ ಮೂವತ್ತೆರಡು ಪಾಲಿನಷ್ಟು ಭಾರ ಇಳಿಯಿತು, ಸಂತೋಷ. ಆದರೆ ಅರವತ್ತೆಂಟು ಪಾಲು ಅವನದೇ. ವ್ಯಾಟ್ ನೋಂದಣಿ ಇಲ್ಲದವನ ಕಥೆ ಇನ್ನೂ ಬಿಗಿ. ವಾರ್ಷಿಕ ವಹಿವಾಟು 90,000 ಪೌಂಡಿನೊಳಗಿದ್ದರೆ ನೋಂದಣಿ ಕಡ್ಡಾಯವಲ್ಲ. ಅಂಥವನಿಗೆ ಹಿಂದಕ್ಕೆ ಬರುವ 400 ಪೌಂಡ್ ಇಲ್ಲ.

ಇದಕ್ಕಿಂತ ಮುಖ್ಯವಾದದ್ದು ಕಾಲದ ಪ್ರಶ್ನೆ. ಹೋಟೆಲಿನವನಿಗೆ ಹಣ ಕೊಡಬೇಕಾದದ್ದು ಡಿಸೆಂಬರಿನಲ್ಲಿ. ವ್ಯಾಟ್ ಬರುವುದು ಆ ಮೂರು ತಿಂಗಳ ಲೆಕ್ಕ ಒಪ್ಪಿಸಿದ ಮೇಲೆ. ಕಂಪೆನಿ ತೆರಿಗೆಯ ಉಳಿತಾಯ ಕಾಣಿಸುವುದು ಲೆಕ್ಕದ ವರ್ಷ ಮುಗಿದು ಒಂಬತ್ತು ತಿಂಗಳ ಮೇಲೆ ತೆರಿಗೆ ಕಟ್ಟುವಾಗ. ನಡುವೆ ಜನವರಿ ಬರುತ್ತದೆ. ಹಬ್ಬದಲ್ಲಿ ಕೈ ಬರಿದು ಮಾಡಿಕೊಂಡ ಜನ ಅಂಗಡಿಗಳತ್ತ ಸುಳಿಯುವುದು ಕಡಿಮೆ. ಸ್ವಂತ ಹೆಸರಿನಲ್ಲಿ ವ್ಯಾಪಾರ ಮಾಡುವವರು ಆದಾಯ ತೆರಿಗೆ ಕಟ್ಟಲು ಕೊನೆಯ ದಿನ ಜನವರಿ 31. ಹಿಂದಿನ ವರ್ಷದ ಬಾಕಿಯ ಜೊತೆಗೆ ನಡೆಯುತ್ತಿರುವ ವರ್ಷದ ಮೊದಲ ಕಂತನ್ನೂ ಹಲವರು ಅದೇ ದಿನ ಕಟ್ಟಬೇಕು. ಡಿಸೆಂಬರಿನಲ್ಲಿ ಕೈ ಸಡಿಲ ಬಿಟ್ಟವನಿಗೆ ಜನವರಿಯಲ್ಲಿ ಉಸಿರು ಕಟ್ಟುವುದು ಹೀಗೆ.

ತಿಂಗಳಿಗೆ ಇಷ್ಟು ಎಂದು

ಹಾಗಾದರೆ ಮಾಡಬೇಕಾದದ್ದೇನು? ನಮ್ಮ ಹೆಂಗಸರು ಚೀಟಿ ಹಾಕಿ ಗೌರಿಹಬ್ಬದ ಸೀರೆಗೆ ಹಣ ಕೂಡಿಸುವ ಉಪಾಯವೇ ಇಲ್ಲೂ ಸಾಕು. 2,400 ಪೌಂಡ್ ಒಮ್ಮೆಲೇ ತೆಗೆಯುವುದು ಕಷ್ಟ. ತಿಂಗಳಿಗೆ 200ರಂತೆ ಜನವರಿಯಿಂದಲೇ ಬೇರೆ ಖಾತೆಯಲ್ಲಿ ಇಟ್ಟರೆ ಡಿಸೆಂಬರಿಗೆ ಕೂಡಿರುತ್ತದೆ. ವ್ಯಾಪಾರ ಇಳಿದ ವರ್ಷ ಈ ಖಾತೆಯೇ ಮಾಲೀಕನಿಗೆ ಮೊದಲು ಎಚ್ಚರಿಕೆ ಕೊಡುತ್ತದೆ. ಜೂನ್ ವೇಳೆಗೆ 1,200 ಕೂಡದಿದ್ದರೆ ಹೋಟೆಲಿನ ಆಸೆಯನ್ನು ಆಗಲೇ ಬಿಡಬಹುದು.

ಎರಡನೆಯ ಸೂತ್ರ, ಒಟ್ಟು ಮೊತ್ತದಿಂದ ಆರಂಭಿಸದೆ ತಲೆಯಿಂದ ಆರಂಭಿಸುವುದು. ಅದೂ ಬಂದೇ ಬರುವ ತಲೆಗಳಿಂದ. 20 ಜನರಲ್ಲಿ ನಾಲ್ವರು ಬಾರದಿದ್ದರೂ ಲೆಕ್ಕ 150ರೊಳಗೆ ಉಳಿಯಬೇಕು ಎಂದಿಟ್ಟುಕೊಳ್ಳಿ. 16ನ್ನು 150ರಿಂದ ಗುಣಿಸಿದರೆ 2,400. ಅಂದರೆ ಇಪ್ಪತ್ತು ಜನಕ್ಕೆ ತಲೆಗೆ 120ರ ಲೆಕ್ಕದಲ್ಲಿ ಏರ್ಪಾಡು ಮಾಡಿದವನು ಐವರಲ್ಲಿ ಒಬ್ಬ ಬಾರದಿದ್ದರೂ ಕ್ಷೇಮ. ಹೋಟೆಲಿನವರಿಗೆ ಅಂತಿಮ ಸಂಖ್ಯೆ ಹೇಳಲು ಯಾವ ದಿನದವರೆಗೆ ಅವಕಾಶ ಎಂದು ಮೊದಲೇ ಕೇಳಿಟ್ಟುಕೊಂಡರೆ ಇನ್ನೂ ಕ್ಷೇಮ.

ವರ್ಷಕ್ಕೆ ಎರಡು ಸಲ ಕೂಟ ಮಾಡುವವರಿಗೆ ಇನ್ನೊಂದು ಮಾತು. 150 ಪೌಂಡ್ ಎಂಬುದು ಇಡೀ ತೆರಿಗೆ ವರ್ಷಕ್ಕೆ. ಬೇಸಿಗೆಯ ಬಯಲೂಟಕ್ಕೆ ತಲೆಗೆ 60, ಕ್ರಿಸ್‌ಮಸ್‌ಗೆ 75 ಆದರೆ ಒಟ್ಟು 135, ಎರಡೂ ಮಾಫಿ. ಕ್ರಿಸ್‌ಮಸ್‌ಗೆ 100 ಆಗಿಬಿಟ್ಟರೆ ಒಟ್ಟು 160. ಆಗ ಯಾವುದಾದರೂ ಒಂದನ್ನು ವಿನಾಯಿತಿಗೆ ಆರಿಸಿಕೊಳ್ಳಬಹುದು. ಜಾಣರು 100ರದ್ದನ್ನು ಆರಿಸುತ್ತಾರೆ. ಬಯಲೂಟದ 60 ಪೂರ್ತಿ ತೆರಿಗೆಗೆ ಬೀಳುತ್ತದೆ.

ಊಟದ ಬದಲು ಉಡುಗೊರೆ ಕೊಡುತ್ತೇನೆ ಎನ್ನುವವರಿಗೂ ಒಂದು ಕಿಂಡಿ ಇದೆ. 2016ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ತಲೆಗೆ 50 ಪೌಂಡ್ ಮೀರದ ಸಣ್ಣ ಉಡುಗೊರೆಗೆ ತೆರಿಗೆಯಿಲ್ಲ. ಚಾಕೊಲೇಟ್ ಡಬ್ಬವೋ ಟರ್ಕಿ ಕೋಳಿಯೋ ಆಗಬಹುದು. ಆದರೆ ಅದು ನಗದಾಗಿರಬಾರದು, ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಬಹುಮಾನವಾಗಿರಬಾರದು, ಕೊಡುತ್ತೇನೆಂದು ನೇಮಕದ ಕರಾರಿನಲ್ಲಿ ಬರೆದಿರಬಾರದು. ಲಕೋಟೆಯಲ್ಲಿ 50 ಪೌಂಡಿನ ನೋಟು ಇಟ್ಟು ಕೊಟ್ಟರೆ ಅದು ಸಂಬಳವೇ. ಸಂಬಳದಂತೆಯೇ ತೆರಿಗೆ ಹಿಡಿಯಬೇಕು. ಇಲ್ಲೂ ಬೆಟ್ಟದ ಅಂಚೇ: 51 ಆದರೆ ಪೂರ್ತಿ 51ಕ್ಕೂ ತೆರಿಗೆ. ಮನೆಮಂದಿಯ ಕಂಪೆನಿಗಳ ನಿರ್ದೇಶಕರು ತಮಗೆ ತಾವೇ ಉಡುಗೊರೆ ಕೊಟ್ಟುಕೊಳ್ಳುತ್ತ ಹೋಗದಂತೆ ವರ್ಷಕ್ಕೆ 300 ಪೌಂಡಿನ ಕಡಿವಾಣವೂ ಇದೆ.

ನಿಂತೇ ಇರುವ ಗೆರೆ

ಈ ವ್ಯವಸ್ಥೆಯಲ್ಲಿ ಒಂದು ಕೊರಗೂ ಇದೆ. ಮೊದಲು 75 ಪೌಂಡ್ ಇದ್ದ ಮಿತಿ 150ಕ್ಕೆ ಏರಿದ್ದು 2003ರ ಏಪ್ರಿಲ್‌ನಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಅದು ಕದಲಿಲ್ಲ. ಈ ಎರಡು ದಶಕಗಳಲ್ಲಿ ಬ್ರಿಟನ್ನಿನಲ್ಲಿ ಅಂದು 100 ಪೌಂಡಿಗೆ ಸಿಗುತ್ತಿದ್ದ ಸಾಮಾನಿಗೆ ಈಗ 175 ಪೌಂಡಿನ ಮೇಲೆ ಕೊಡಬೇಕು. ಅಂದು ವ್ಯಾಟ್ ಶೇ 17.5 ಇದ್ದದ್ದು 2011ರಿಂದ ಶೇ 20 ಆಗಿದೆ. ಈ ಹೆಚ್ಚುವರಿ ತೆರಿಗೆಯೂ ಅದೇ 150ರೊಳಗೆ ಹೊಂದಬೇಕು.

ಯಾವ ಸರ್ಕಾರವೂ ಔತಣದ ವಿನಾಯಿತಿಯನ್ನು ಕಡಿಮೆ ಮಾಡುತ್ತೇನೆಂದು ಘೋಷಿಸಲಿಲ್ಲ. ಘೋಷಿಸಬೇಕಾಗಿಯೂ ಬರಲಿಲ್ಲ. ಗೆರೆ ಇದ್ದಲ್ಲೇ ನಿಂತಿತು, ಬೆಲೆಗಳು ನಡೆದು ಅದರ ಹತ್ತಿರ ಬಂದವು. 2003ರಲ್ಲಿ ರಾಜವೈಭವ ಎನ್ನಿಸುತ್ತಿದ್ದ ಮೊತ್ತ ಇಂದು ದೊಡ್ಡ ಊರಿನ ಹೋಟೆಲಿನಲ್ಲಿ ಊಟ, ಪಾನೀಯ, ಟ್ಯಾಕ್ಸಿ ಸೇರಿದರೆ ಅಂಚಿಗೆ ಬಂದು ನಿಲ್ಲುತ್ತದೆ. ಲೆಕ್ಕಪರಿಶೋಧಕರನ್ನು ಖಾಯಂ ಇಟ್ಟುಕೊಂಡ ದೊಡ್ಡ ಕಂಪೆನಿ ಅಂಚಿನ ಮೇಲೆ ನಡೆಯಬಲ್ಲದು. ರಾತ್ರಿ ಒಲೆಯ ಮುಂದೆ ನಿಂತು ಹಗಲು ರಸೀದಿ ಬರೆಯುವ ಬೇಕರಿಯವನು ಜಾರುತ್ತಾನೆ.

ಹಾಗೆಂದು ಕಾನೂನು ಪೂರಾ ಕಲ್ಲಲ್ಲ. ಕೊರೊನಾ ಕಾಲದಲ್ಲಿ, 2020ರ ಚಳಿಗಾಲದಲ್ಲಿ, ಜನ ಒಂದೆಡೆ ಸೇರುವಂತಿರಲಿಲ್ಲ. ಪ್ರತಿಯೊಬ್ಬರ ಮನೆಗೂ ತಿಂಡಿ ಪಾನೀಯದ ಪೆಟ್ಟಿಗೆ ಕಳಿಸಿ ಕಂಪ್ಯೂಟರ್ ತೆರೆಯ ಮೇಲೆ ಕೂಟ ನಡೆಸಿದರೂ ವಿನಾಯಿತಿ ಸಿಗುತ್ತದೆ ಎಂದು ಇಲಾಖೆ ತಿಳಿಸಿತ್ತು.

ಡಿಕನ್ಸ್ ಕಂಡ ಯಜಮಾನ

ಮೂರು ಷರತ್ತುಗಳಲ್ಲಿ ಹೆಚ್ಚು ಚರ್ಚೆಯಾಗುವುದು 150 ಪೌಂಡಿನದು. ಆದರೆ ಆ ಕಾನೂನಿನ ತಿರುಳು ಇರುವುದು ಎರಡನೆಯದರಲ್ಲಿ: ಎಲ್ಲರನ್ನೂ ಕರೆಯಬೇಕು.

ಚಾರ್ಲ್ಸ್ ಡಿಕನ್ಸ್ 1843ರ ಡಿಸೆಂಬರಿನಲ್ಲಿ ಪ್ರಕಟಿಸಿದ ‘ಎ ಕ್ರಿಸ್‌ಮಸ್ ಕ್ಯಾರಲ್’ ಕಥೆಯ ಜಿಪುಣ ಸ್ಕ್ರೂಜ್‌ನ ಹೆಸರನ್ನು ಬಹಳ ಜನ ಕೇಳಿದ್ದಾರೆ. ಅದೇ ಕಥೆಯಲ್ಲಿ ಫೆಜಿವಿಗ್ ಎಂಬ ಇನ್ನೊಬ್ಬ ವ್ಯಾಪಾರಿ ಇದ್ದಾನೆ. ಸ್ಕ್ರೂಜ್ ಹುಡುಗನಾಗಿದ್ದಾಗ ಕೆಲಸ ಕಲಿತ ಅಂಗಡಿಯ ಯಜಮಾನ. ಕ್ರಿಸ್‌ಮಸ್‌ನ ಹಿಂದಿನ ರಾತ್ರಿ ಅವನು ಕೆಲಸ ನಿಲ್ಲಿಸಿ, ಅಂಗಡಿಯ ಬಾಗಿಲು ಹಾಕಿಸಿ, ಸಾಮಾನನ್ನೆಲ್ಲ ಪಕ್ಕಕ್ಕೆ ಸರಿಸಿ ಅಲ್ಲೇ ಕುಣಿತ, ಊಟ ಏರ್ಪಡಿಸುತ್ತಾನೆ. ಅಂಗಡಿಯ ಹುಡುಗರು ಮಾತ್ರವಲ್ಲ, ಮನೆಗೆಲಸದವಳು, ಅಡಿಗೆಯವಳು, ಅವರ ನೆಂಟರಿಷ್ಟರು, ಎದುರು ಮನೆಯ ಯಜಮಾನ ಹೊಟ್ಟೆಗೆ ಸರಿಯಾಗಿ ಹಾಕುವುದಿಲ್ಲವೆಂದು ಸಂಶಯವಿದ್ದ ಒಬ್ಬ ಹುಡುಗ, ಎಲ್ಲರೂ ಬರುತ್ತಾರೆ. ಅವನಿಗೆ ಅದಕ್ಕೆ ತಗುಲಿದ್ದು ಮೂರೋ ನಾಲ್ಕೋ ಪೌಂಡ್ ಎಂದು ಡಿಕನ್ಸ್ ಲೆಕ್ಕ ಕೊಡುತ್ತಾನೆ. ಯಜಮಾನ ಕೊಡುವ ಸಂತೋಷದ ಬೆಲೆ ಆ ಪೌಂಡುಗಳಲ್ಲಿಲ್ಲ ಎಂದು ಮುಪ್ಪಿನ ಸ್ಕ್ರೂಜ್‌ನ ಬಾಯಿಂದಲೇ ಹೇಳಿಸುತ್ತಾನೆ.

ತೆರಿಗೆ ಇಲಾಖೆಯವರು ಡಿಕನ್ಸ್ ಓದಿ ಕಾನೂನು ಬರೆದರೆಂದು ಇದರ ಅರ್ಥವಲ್ಲ. ಆದರೆ ಫೆಜಿವಿಗ್‌ನ ಪಾರ್ಟಿಯನ್ನು 264ನೇ ಸೆಕ್ಷನ್ನಿನ ಮುಂದಿಟ್ಟು ನೋಡಿ. ಪ್ರತಿ ವರ್ಷವೂ ಮಾಡಿದನೆಂದರೆ ಮೂರು ಷರತ್ತೂ ಕೂಡಿಬರುತ್ತವೆ. ಎಲ್ಲರೂ ಇದ್ದಾರೆ, ಖರ್ಚು ಹಿತಮಿತವಾಗಿದೆ. ಅವನು ಹಿಡಿದ ಉಪಾಯ ಇಂದಿನ ಸಣ್ಣ ಮಾಲೀಕನಿಗೂ ಹೊಂದುತ್ತದೆ. ಹೋಟೆಲು ಬೇಕೇ ಬೇಕೆಂದಿಲ್ಲ. ಬೇಕರಿಯ ಮೇಜುಗಳನ್ನೇ ಸರಿಸಿ, ಮನೆಯಲ್ಲೋ ಅಂಗಡಿಯ ಒಲೆಯಲ್ಲೋ ಬೇಯಿಸಿ ಬಡಿಸಿದರೆ ತಲೆಗೆ 150ರ ಮಾತಿರಲಿ, ಅದರ ಕಾಲುಭಾಗದಲ್ಲಿ ಮುಗಿಯಬಹುದು. ಅಂಥ ಊಟಕ್ಕೆ ಇಬ್ಬರು ಬಾರದಿದ್ದರೆ ಆಗುವ ನಷ್ಟ ಎರಡು ತಟ್ಟೆಯದಷ್ಟೆ.

ಆದರೆ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂದರೆ ಆಮಂತ್ರಣ ಪತ್ರ ಗೋಡೆಗೆ ಅಂಟಿಸಿದರೆ ಸಾಲದು. ಶುಕ್ರವಾರ ರಾತ್ರಿ ಒಂಬತ್ತಕ್ಕೆ ಪಾರ್ಟಿ ಇಟ್ಟರೆ ರಾತ್ರಿ ಪಾಳಿಯವರು ಬರುವುದು ಹೇಗೆ? ಬ್ರೆಡ್ ಆಗ ತಾನೆ ಒಲೆಗೆ ಹೋಗಿರುತ್ತದೆ. ವಾರಕ್ಕೆರಡು ದಿನ ಬರುವ ನೆಲ ಒರೆಸುವಾಕೆಗೆ ಗೋಡೆಯ ಚೀಟಿ ಕಣ್ಣಿಗೆ ಬೀಳುವಷ್ಟರಲ್ಲಿ ಊಟ ಮುಗಿದಿರಬಹುದು. ಮದ್ಯ ಮಾಂಸ ಮುಟ್ಟದವರಿಗೆ ಏನಿದೆ? ಇದನ್ನೆಲ್ಲ ಯೋಚಿಸಿ, ಬೇಕರಿಗೆ ರಜೆಯಿರುವ ದಿನ ನೋಡಿ, ಮಧ್ಯಾಹ್ನದ ಊಟವನ್ನೇ ಇಟ್ಟರೆ ಟ್ಯಾಕ್ಸಿಯ ಖರ್ಚೂ ಉಳಿಯುತ್ತದೆ, ಬರುವವರ ತಲೆಯೂ ಹೆಚ್ಚುತ್ತದೆ. ತಲೆ ಹೆಚ್ಚಿದರೆ ತಲೆಗೆ ಬೀಳುವ ಖರ್ಚು ಇಳಿಯುತ್ತದೆ. ಎಲ್ಲರನ್ನೂ ಕರೆಯುವ ಮಾಲೀಕನಿಗೇ ಈ ಲೆಕ್ಕ ಅನುಕೂಲವಾಗಿರುವುದು ಹೀಗೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದ್ದು ಖರ್ಚಿನ ಬಗ್ಗೆ. ಊಟದ ಪಂಕ್ತಿಯ ವಿಷಯದಲ್ಲೂ ಅವರಿಗೆ ಒಂದು ನಿಯಮವಿತ್ತು: ಎಲೆ ಹಾಕಿದ ಮೇಲೆ ಎಲ್ಲರಿಗೂ ಬಡಿಸಬೇಕು, ಯಾರೊಬ್ಬರ ಎಲೆಯೂ ಬರಿದಿರಬಾರದು. ಪೀಣ್ಯದ ಆಯುಧಪೂಜೆಯಾಗಲಿ, ಇಂಗ್ಲೆಂಡಿನ ಬೇಕರಿಯ ಕ್ರಿಸ್‌ಮಸ್ಸಾಗಲಿ, ಈ ಎರಡು ಮಾತುಗಳನ್ನು ಒಟ್ಟಿಗೆ ನೆನಪಿಟ್ಟುಕೊಂಡ ಯಜಮಾನನಿಗೆ ಜನವರಿಯಲ್ಲಿ ತೆರಿಗೆಯವರ ಕಾಗದ ಬಂದರೂ ಎದೆ ನಡುಗದು, ಕೆಲಸಗಾರರ ಮುಖ ನೋಡಲೂ ಸಂಕೋಚವಾಗದು.